ಎಂಬತ್ತು ಕಿಲೋ ಟಗರು

ಒರಾನ್ ಪಟ್ಟಣದ ಆ ಏಳಂತಸ್ತಿನ ಕಟ್ಟಡದಲ್ಲಿ ಸಿ ಮಿಲೂದ್‌ನನ್ನು, ಅಂದರೆ ಮಿಲೂದ್ ಸಾಹೇಬನನ್ನು, ತಿಳಿಯದವರೇ ಇರಲಿಲ್ಲ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಠಸ್ಸೆ ಹೊಡೆದೂ ಹೊಡೆದೂ ನಿವೃತ್ತನಾದ ಸಾಧು ಪ್ರಾಣಿ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಗೆ ಎದುರು ಮಾತಂತೂ ಇಲ್ಲವೇ ಇಲ್ಲ. ಇದ್ದದ್ದು ಒಂದೇ ಒಂದು ಚಾಳಿ. ಎದುರಿಗಿದ್ದವನು ಯಾವುದಾದರೂ ಅಂಕಿ ಹೇಳಿದರೆ ಸಾಕು, ಅದಕ್ಕಿಂತ ಒಂದು ಕೈ ಮೇಲಿನ ಅಂಕಿ ಅವನ ಬಾಯಿಂದ ತಾನಾಗಿಯೇ ಹೊರಬೀಳುತ್ತಿತ್ತು. ನಿಮ್ಮ ಮನೆಯಲ್ಲಿ ಎರಡು ದಿನ ನೀರು ಬಂದಿಲ್ಲವೆಂದರೆ ಅವನ ಮನೆಯಲ್ಲಿ ನಾಲ್ಕು ದಿನ ಬಂದಿಲ್ಲ. ನಿಮಗೆ ಮೂವತ್ತೊಂಬತ್ತು ಡಿಗ್ರಿ ಜ್ವರ ಬಂದಿತ್ತೆಂದರೆ ಅವನಿಗೆ ನಲವತ್ತೊಂದು ಬಂದಿತ್ತು, ಆಗಲೂ ಅವನು ಕೆಲಸಕ್ಕೆ ಹೋಗಿದ್ದ.

ಇದರಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಆ ವರ್ಷ ಮಗ ಹೌವಾರಿಗೆ ನಿಶ್ಚಿತಾರ್ಥವಾಯಿತು. ಟ್ರಾಮ್ ಓಡಿಸುವ ಹುಡುಗ. ಹುಡುಗಿ ಹುಡುಕೀ ಹುಡುಕೀ ಅವನ ತಲೆಯ ಮುಂಭಾಗ ಬೋಳಾಗಿತ್ತು. ಕೊನೆಗೆ ಹಜ್ ಯಾತ್ರೆ ಮುಗಿಸಿ ಬಂದ ಹಾಜ್ ಬೆನ್‌ಅವ್ದಾ ಅವರ ಮಗಳು ಯಮೀನಾ ಒಪ್ಪಿದಳು. ಅವಳು ಒಪ್ಪಿದ ದಿನ ಮಿಲೂದ್‌ನ ಹೆಂಡತಿ ಖೇರಾ ನೆಲಕ್ಕೆ ಹಣೆ ಹಚ್ಚಿ ಅತ್ತಿದ್ದಳು.

ದೊಡ್ಡ ಹಬ್ಬಕ್ಕೆ, ಅಂದರೆ ಬಕ್ರೀದಿಗೆ, ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಟಗರನ್ನು ಕಳಿಸಬೇಕು. ಅದರ ಹಣೆಗೆ ಮದರಂಗಿ ಹಚ್ಚಿ, ಕೊಂಬಿಗೆ ರಿಬ್ಬನ್ ಕಟ್ಟಿ, ಹೆಂಗಸರು ನಾಲಿಗೆ ಆಡಿಸಿ ಯುಯುಯು ಎಂದು ಕೇಕೆ ಹಾಕುತ್ತಾ ಮನೆಯೊಳಗೆ ಕರೆದೊಯ್ದು ಒಪ್ಪಿಸಬೇಕು. ಇದಕ್ಕೆ ಮಹಿಬಾ ಅನ್ನುತ್ತಾರೆ. ಮಿಲೂದ್ ಸಂತೆಗೆ ಹೋಗಿ, ಟಗರಿನ ಬೆನ್ನು ಒತ್ತಿ, ಬಾಲ ಹಿಡಿದು, ತಿಳಿದವನಂತೆ ಹುಬ್ಬು ಗಂಟಿಕ್ಕಿ, "ಎಷ್ಟು ತೂಗುತ್ತೆ?" ಎಂದು ಕೇಳಿದ. "ಸಾಹೇಬ್ರೇ, ಇದು ತೂಕ ಹಾಕೋ ಟಗರಲ್ಲ, ಕಣ್ಣು ತುಂಬ ನೋಡೋ ಟಗರು," ಎಂದ ಮಾರುವವನು. ಈ ಉತ್ತರ ಮಿಲೂದ್‌ಗೆ ಎಷ್ಟು ಹಿಡಿಸಿತೆಂದರೆ ಅವನು ಬೇರೇನೂ ಕೇಳದೆ ಟಗರನ್ನು ಮನೆಗೆ ಹೊಡೆದುಕೊಂಡು ಬಂದ.

ಅಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಸಂಜೆ ಕಾಫಿ ಅಂಗಡಿಗೆ ಹೋದ.

ಅಲ್ಲಿ ಹಾಜ್ ಬೆನ್‌ಅವ್ದಾ ಕುರ್ಚಿಯನ್ನು ಪೂರ್ತಿ ತುಂಬಿಕೊಂಡು ಕೂತಿದ್ದರು. ಲಾರಿ ಓಡಿಸಿ ನಿವೃತ್ತರಾದ ಆಳು, ದನಿಯೂ ಲಾರಿಯದ್ದೇ. ಮುಂದಿದ್ದ ಪುದೀನಾ ಚಹಾಕ್ಕೆ ಸಕ್ಕರೆ ಇಲ್ಲ. ಡಾಕ್ಟರು ತೂಕ ಇಳಿಸಬೇಕು ಎಂದಿದ್ದರಂತೆ. ಡಾಕ್ಟರು ಹೇಳಿದ್ದನ್ನು ಅವರು ಮರೆತರೂ ಅವರ ಹೆಂಡತಿ ಹಾಜ್ಜಾ ಫತ್ನಾ ಮರೆಯುವವಳಲ್ಲ. ತೂಕ ತೊಂಬತ್ತಕ್ಕಿಂತ ಕೆಳಗೆ ಬರೋವರೆಗೆ ಹಬ್ಬದ ಮೆಲ್ಫೂಫ್ ಮುಟ್ಟಕೂಡದು ಎಂದು ತೀರ್ಪು ಕೊಟ್ಟಿದ್ದಳು. ಲಿವರಿನ ತುಂಡಿಗೆ ಕೊಬ್ಬಿನ ಪೊರೆ ಸುತ್ತಿ ಕೆಂಡದ ಮೇಲೆ ಸುಡುವ ಆ ತಿನಿಸಿಗಾಗಿ ಹಾಜ್ ವರ್ಷವಿಡೀ ಕಾಯುತ್ತಿದ್ದರು. ಆದ್ದರಿಂದ ಅವರ ಮುಖ ಆ ಚಹಾದಷ್ಟೇ ಸಪ್ಪೆಯಾಗಿತ್ತು.

ಪಕ್ಕದಲ್ಲಿದ್ದ ಖದ್ದೂರ್ ಸುಮ್ಮನಿರಲಾರದೆ, "ನನ್ನ ಮಗಳಿಗೆ ಬಂದ ಮಹಿಬಾ ಟಗರು ಎಪ್ಪತ್ತೈದು ಕಿಲೋ, ಗೊತ್ತಾ?" ಎಂದ.

"ಎಪ್ಪತ್ತೈದಾ? ಪಾಪ," ಎಂದಿತು ಮಿಲೂದ್‌ನ ಬಾಯಿ. "ನಾವು ಬೀಗರಿಗೆ ಕಳಿಸ್ತಿರೋದು ಎಂಬತ್ತು. ಒಂದು ಗ್ರಾಂ ಕಮ್ಮಿ ಇದ್ರೆ ನನ್ನ ಮೀಸೆ ಬೋಳಿಸಿ!"

ಅಂಗಡಿಯಲ್ಲಿ ಡೊಮಿನೋ ಆಡುತ್ತಿದ್ದವರ ಕೈ ಅಲ್ಲಲ್ಲೇ ನಿಂತಿತು. ಹಾಜ್ ಬೆನ್‌ಅವ್ದಾರ ಮುಖದಲ್ಲಿ ಸಕ್ಕರೆಯಿಲ್ಲದೆಯೇ ಸಿಹಿ ಮೂಡಿತು. "ಎಲ್ರೂ ಕೇಳಿಸ್ಕೊಂಡ್ರಲ್ಲ? ಎಂಬತ್ತು! ಖದ್ದೂರ್, ನೀನು ಕೇಳಿಸ್ಕೊಂಡ್ಯಾ?" ಆಮೇಲೆ ಮಿಲೂದ್‌ನ ಹೆಗಲ ಮೇಲೆ ಕೈ ಇಟ್ಟರು. ಹೆಗಲು ಒಂದು ಗೇಣು ಕೆಳಗಿಳಿಯಿತು. "ಬೀಗರೇ, ನಮ್ಮ ಮನೇಲಿ ಟಗರನ್ನೂ ತೂಗ್ತೀವಿ, ಆಡಿದ ಮಾತನ್ನೂ ತೂಗ್ತೀವಿ. ಟಗರಿನ ವಿಷಯದಲ್ಲೇ ಸುಳ್ಳು ಹೇಳೋರು ನಾಳೆ ನನ್ನ ಮಗಳನ್ನ ಹೇಗೆ ನೋಡ್ಕೊತಾರೆ ಅಂತ ನನ್ನಾಕೆ ಕೇಳ್ತಾಳೆ, ನೋಡಿ."

ಮಿಲೂದ್ ನಕ್ಕ. ಆ ನಗು ಮನೆ ಮುಟ್ಟುವಷ್ಟರಲ್ಲಿ ಒಣಗಿಹೋಗಿತ್ತು.

"ಎಂಬತ್ತಾ? ಯಾರು ತೂಗಿದ್ರು?" ಎಂದು ಕೇಳಿದಳು ಖೇರಾ.

"ನೋಡಿದ್ರೆ ಗೊತ್ತಾಗಲ್ವಾ?"

"ನಿಮ್ಮನ್ನ ನೋಡಿದ್ರೂ ಬುದ್ಧಿವಂತರ ಹಾಗೇ ಕಾಣ್ತೀರಿ. ಮೊದ್ಲು ಹೋಗಿ ತಕ್ಕಡಿ ತನ್ನಿ."

ಕೆಳಗಿನ ಮಹಡಿಯಲ್ಲಿದ್ದ ದರ್ಜಿ ಜುಲೈಖಾ ಹತ್ತಿರ ಮೇಲೆ ಹತ್ತಿ ನಿಲ್ಲುವ, ಒಳಗೆ ಸ್ಪ್ರಿಂಗ್ ಇರುವ, ಮುಳ್ಳಿನ ತಕ್ಕಡಿ ಇತ್ತು. ಅವಳು ಅದರ ಮೇಲೆ ದಿನಾ ಬೆಳಿಗ್ಗೆ ಒಂಟಿ ಕಾಲಲ್ಲಿ ನಿಂತು ನೋಡುತ್ತಿದ್ದಳು, ಒಂಟಿ ಕಾಲಲ್ಲಿ ತೂಕ ಕಮ್ಮಿ ಬರಬಹುದೆಂಬ ಆಸೆಯಿಂದ. ಅದನ್ನು ತಂದು ಬಾಲ್ಕನಿಯಲ್ಲಿಟ್ಟು, ಮೇಲೊಂದು ಹಲಗೆ ಹಾಕಿ, ಟಗರನ್ನು ಹತ್ತಿಸಿದರೆ ಅದು ಹತ್ತಿದಷ್ಟೇ ವೇಗದಲ್ಲಿ ಹಾರಿ ಇಳಿಯುತ್ತಿತ್ತು. ಒಮ್ಮೆ ಮುಳ್ಳು ಮೂವತ್ತು ತೋರಿಸಿತು, ಒಮ್ಮೆ ನೂರಹತ್ತು. ಇನ್ನೊಮ್ಮೆ ಟಗರಿನ ಬದಲು ಮಿಲೂದ್ ಹಲಗೆಯ ಮೇಲೆ ಅಂಗಾತ ಬಿದ್ದಿದ್ದ.

"ಅಪ್ಪಾ, ಲಿಫ್ಟಿನೊಳಗೆ ನಿಲ್ಸಿ. ಅಲ್ಲಿ ಅಲ್ಲಾಡೋಕೆ ಜಾಗ ಇಲ್ಲ," ಎಂದ ಹೌವಾರಿ.

ಆ ಲಿಫ್ಟು ಮಿಲೂದ್‌ನ ಹೆಮ್ಮೆ. ಕಟ್ಟಡದ ಮಕ್ಕಳಿಗೆಲ್ಲ ಗಡ್ಡ ಬರುವಷ್ಟು ಕಾಲ ಕೆಟ್ಟು ನಿಂತಿದ್ದನ್ನು ಮನೆಮನೆ ಸುತ್ತಿ ಎಲ್ಲರ ತಲೆ ತಿಂದು ಅವನೇ ರಿಪೇರಿ ಮಾಡಿಸಿದ್ದ. ಹೊರಡುವಾಗ ಜಗ್ಗಿ ಹೊರಡುತ್ತಿತ್ತು, ನಿಲ್ಲುವಾಗ ಕುಕ್ಕಿ ನಿಲ್ಲುತ್ತಿತ್ತು, ಅಷ್ಟು ಬಿಟ್ಟರೆ ಬಂಗಾರದಂಥ ಲಿಫ್ಟು. ಏಳನೇ ಮಹಡಿಯಲ್ಲಿ ಟಗರನ್ನು ಅದರೊಳಗೆ ನೂಕಿ ಹಲಗೆಯ ಮೇಲೆ ನಿಲ್ಲಿಸಿದರು. ಹೆದರಿದ ಟಗರು ಕಲ್ಲಿನಂತೆ ನಿಂತಿತು. ಮಿಲೂದ್ ಕನ್ನಡಕ ಏರಿಸಿ ಬಗ್ಗಿದ. ಅದೇ ಹೊತ್ತಿಗೆ ಕೆಳಗೆ ಯಾರೋ ಗುಂಡಿ ಒತ್ತಿದರು. ಬಾಗಿಲು ಮುಚ್ಚಿಕೊಂಡಿತು, ಲಿಫ್ಟು ಜಗ್ಗಿ ಇಳಿಯತೊಡಗಿತು.

ಮುಳ್ಳು ಅರವತ್ತಕ್ಕೆ ಬಂತು. "ಅಯ್ಯೋ ದೇವರೇ, ಅರವತ್ತು!" ಎಂದು ಕಿರುಚಿದ ಮಿಲೂದ್. ನಡುದಾರಿಯಲ್ಲಿ ನೋಡಿದರೆ ಎಪ್ಪತ್ತು. ನೆಲ ಮುಟ್ಟಿ ಲಿಫ್ಟು ಕುಕ್ಕಿ ನಿಲ್ಲುವಾಗ, ಸ್ವತಃ ಕಣ್ಣಾರೆ ಕಂಡ, ಎಂಬತ್ತು! ಬಾಗಿಲು ತೆರೆದದ್ದೇ ಟಗರು ಹಲಗೆಯಿಂದ ಹಾರಿ, ಅಲ್ಲಿ ಕಾದು ನಿಂತಿದ್ದ ಸಿ ಬಗ್ದಾದ್‌ನ ಹೊಟ್ಟೆಗೆ ಗುಮ್ಮಿತು. ಸಿ ಬಗ್ದಾದ್ ನೆಲಮಹಡಿಯ ಕ್ಷೌರಿಕ. ಮೀಸೆಯ ಪಣದ ವಿಷಯ ಅವನ ಕಿವಿಗಾಗಲೇ ಬಿದ್ದಿತ್ತು.

"ಏನ್ ಸಿ ಮಿಲೂದ್, ಕತ್ತಿ ಮಸೀಲಾ?" ಎಂದ ಹೊಟ್ಟೆ ಹಿಡಿದುಕೊಂಡೇ.

ಮಿಲೂದ್ ಟಗರನ್ನು ಮತ್ತೆ ಹಲಗೆಯ ಮೇಲೆ ನಿಲ್ಲಿಸಿ ಏಳರ ಗುಂಡಿ ಒತ್ತಿದ. ನೆಲದಿಂದ ಹೊರಡುವಾಗ ಎಂಬತ್ತು. ನಡುವೆ ಎಪ್ಪತ್ತು. ಏಳನೇ ಮಹಡಿಯಲ್ಲಿ ನಿಲ್ಲುವಾಗ ಅರವತ್ತು. ಮತ್ತೊಮ್ಮೆ ಇಳಿದ, ಮತ್ತೊಮ್ಮೆ ಹತ್ತಿದ. ಬಾಗಿಲು ತೆರೆದ ಕೂಡಲೇ ಟಗರು ಹಾರುತ್ತಿತ್ತು, ಅವನು ಅದನ್ನು ಮತ್ತೆ ಹಲಗೆಗೆ ಹತ್ತಿಸಿ ಕೂಡಲೇ ಗುಂಡಿ ಒತ್ತುತ್ತಿದ್ದ. ಪ್ರತಿ ಸಲವೂ ಮೇಲೆ ಅರವತ್ತು, ಮಧ್ಯೆ ಎಪ್ಪತ್ತು, ಕೆಳಗೆ ಎಂಬತ್ತು. ಒಂದು ಅಂಕಿಯೂ ಆಚೀಚೆ ಇಲ್ಲ. ದೊಡ್ಡ ದೊಡ್ಡ ಪಂಡಿತರು ಇದಕ್ಕಿಂತ ಕಮ್ಮಿ ಪುರಾವೆಯ ಮೇಲೆ ಬಿರುದು ತಗೊಂಡಿದ್ದಾರೆ. ಮಿಲೂದ್ ಅಂತೂ ಲಿಫ್ಟಿನಿಂದ ಹೊರಬಂದಾಗ ಹೊಸ ಮನುಷ್ಯನಾಗಿದ್ದ.

"ಭೂಮಿ ಎಳೆಯುತ್ತೆ ಕಣೇ!" ಎಂದು ಕೂಗಿದ. "ಟೀವೀಲಿ ನೋಡಿಲ್ವಾ, ಆಕಾಶಕ್ಕೆ ಹೋದೋರು ಹತ್ತಿ ಥರ ತೇಲ್ತಿರ್ತಾರೆ? ಮೇಲೆ ಹೋದಷ್ಟೂ ಎಳೆತ ಕಮ್ಮಿ. ಟಗರು ಎಂಬತ್ತೇ! ನಾವು ಏಳನೇ ಮಹಡೀಲಿ ಇರೋದು ನಮ್ಮ ಗ್ರಹಚಾರ."

ಖೇರಾ ಗಂಡನನ್ನೂ ಟಗರನ್ನೂ ಒಂದು ಸಲ ನೋಡಿ ಒಳಗೆ ಹೋದಳು. ಆದರೆ ಮೆಟ್ಟಿಲ ಮೇಲೆ ನಿಂತಿದ್ದ ಜುಲೈಖಾ ಕೇಳಿಸಿಕೊಂಡಿದ್ದಳು. ಜುಲೈಖಾಗೆ ಗೊತ್ತಾದರೆ ಇಡೀ ಕಟ್ಟಡಕ್ಕೆ ಗೊತ್ತಾದಂತೆ.

ಮರುದಿನ ಬೆಳಿಗ್ಗೆ ತರಕಾರಿ ಗಾಡಿಯವನು ಎಂದಿನಂತೆ ಬಂದು ಕೂಗಿದ. ಎಂದಿನಂತೆ ಬಾಲ್ಕನಿಗಳಿಂದ ಹಗ್ಗ ಕಟ್ಟಿದ ಬುಟ್ಟಿಗಳು ಇಳಿದವು. ಅವನು ಆಲೂಗಡ್ಡೆ ತೂಗಿ ಬುಟ್ಟಿಗೆ ಹಾಕಿದ, ಬುಟ್ಟಿ ಮೇಲೇರಿತು. ಆಗ ಐದನೇ ಮಹಡಿಯಿಂದ ಶುರುವಾಯಿತು.

"ಏಯ್, ನೀನು ತೂಗಿದ್ದು ಕೆಳಗೆ! ಇಲ್ಲಿಗೆ ಬರೋಷ್ಟರಲ್ಲಿ ಎಷ್ಟು ಉಳೀತು?"

"ಅಕ್ಕಾ, ದಾರೀಲಿ ನಾನೇನ್ ತಿನ್ಕೊಂಡ್ನಾ?"

"ನಾಲ್ಕನೇ ಮಹಡಿಗೆ ಎರಡು ಗಡ್ಡೆ ಜಾಸ್ತಿ ಹಾಕು, ಐದಕ್ಕೆ ಮೂರು!"

"ಹಾಗಾದ್ರೆ ನೆಲಮಹಡೀಲಿರೋ ನನ್ನ ಗತಿ? ನಾನು ಇಲ್ಲೇ ತಿನ್ನೋನು. ನನ್ನ ಹತ್ರ ದುಡ್ಡು ಕಮ್ಮಿ ತಗೋ!" ಎಂದ ಸಿ ಬಗ್ದಾದ್.

ಗಾಡಿಯವನು ತಕ್ಕಡಿಯನ್ನು ಎತ್ತಿ ಎದೆಗೆ ಅವುಚಿಕೊಂಡು, ತನ್ನಪ್ಪನಾಣೆ ಇನ್ನು ಈ ಬೀದಿಗೆ ಕಾಲಿಡಲ್ಲ ಎಂದು ಗಾಡಿ ತಳ್ಳಿಕೊಂಡು ಓಡಿದ. ಜುಲೈಖಾ ಮಾತ್ರ ಮನೆಯಿಂದಲೇ ಹೊರಬರಲಿಲ್ಲ. "ಬೀದಿಗಿಳಿದ್ರೆ ದಪ್ಪ ಆಗ್ತೀನಂತೆ, ಯಾಕ್ ಬೇಕು," ಎಂದಳಂತೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಮಿಲೂದ್‌ನನ್ನು ಕೊರೆಯುತ್ತಿದ್ದದ್ದು ಬೇರೆಯೇ ಚಿಂತೆ. ಬೀಗರ ಮನೆ ಐದನೇ ಮಹಡಿಯಲ್ಲಿ. ಅಲ್ಲಿ ತೂಗಿದರೆ ಟಗರು ಅರವತ್ತರ ಮೇಲೆ ಒಂದಿಷ್ಟು, ಅಷ್ಟೇ. ಮೀಸೆಯೂ ಹೋಯಿತು, ಸೊಸೆಯೂ ಹೋದಳು. ರಾತ್ರಿಯೆಲ್ಲ ಯೋಚಿಸಿ ಕೊನೆಗೊಂದು ದಾರಿ ಕಂಡುಕೊಂಡ. ಟಗರನ್ನು ಬೀದಿಯಲ್ಲೇ ತೂಗಿ ಬೀದಿಯಲ್ಲೇ ಒಪ್ಪಿಸುವುದು. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಏಕೆಂದರೆ ಹೇಳಿದ್ದರೆ ಖೇರಾ ಅವನನ್ನು ಮನೆಯಲ್ಲೇ ಕೂಡಿಹಾಕುತ್ತಿದ್ದಳು.

ಹಬ್ಬದ ಹಿಂದಿನ ದಿನ ಮೆರವಣಿಗೆ ಹೊರಟಿತು. ಟಗರಿನ ಹಣೆಯಲ್ಲಿ ಮದರಂಗಿ, ಕೊಂಬಿಗೆ ಹಸಿರು ರಿಬ್ಬನ್ನು. ಹಿಂದೆ ಡೋಲಿನವನು, ತಟ್ಟೆ ತುಂಬ ಮಿಠಾಯಿ ಹೊತ್ತ ಹೆಂಗಸರು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಉಸಿರಾಡಲೂ ಹೆದರುತ್ತಿದ್ದ ಹೌವಾರಿ. ಕತ್ತಿ ಜೇಬಲ್ಲಿಟ್ಟುಕೊಂಡ ಸಿ ಬಗ್ದಾದ್ ಕೂಡ ಬಂದಿದ್ದ, ಶುಭ ಹಾರೈಸಲಿಕ್ಕೆ. ಎಲ್ಲರಿಗಿಂತ ಮುಂದೆ ತಕ್ಕಡಿಯನ್ನೂ ಹಲಗೆಯನ್ನೂ ಕಂಕುಳಲ್ಲಿ ಇಟ್ಟುಕೊಂಡ ಮಿಲೂದ್. ಬೀಗರ ಕಟ್ಟಡದ ಬಾಗಿಲಿಗೆ ಬಂದದ್ದೇ ಅವನು ಒಂದು ಕೈ ಚಾಚಿ ಎಲ್ಲರನ್ನೂ ತಡೆದ.

"ಬೀಗರೇ!" ಎಂದು ಮೇಲಕ್ಕೆ ಕೂಗಿದ. "ಸ್ವಲ್ಪ ಕೆಳಗೆ ಬನ್ನಿ! ಇಲ್ಲೇ ತಗೊಂಬಿಡಿ!"

ಡೋಲು ನಿಂತಿತು. ಕೇಕೆ ಹೆಂಗಸರ ಗಂಟಲಲ್ಲೇ ಉಳಿಯಿತು. ಐದನೇ ಮಹಡಿಯ ಬಾಲ್ಕನಿಗೆ ಹಾಜ್ ಬೆನ್‌ಅವ್ದಾ ಬಂದರು. ಅವರ ಪಕ್ಕದಲ್ಲಿ ಹಾಜ್ಜಾ ಫತ್ನಾ, ಹಿಂದೆ ಯಮೀನಾ. ಅಷ್ಟರಲ್ಲಿ ಆಚೀಚಿನ ಬಾಲ್ಕನಿಗಳೆಲ್ಲ ತುಂಬಿದವು, ಕೆಲವರು ಕುರ್ಚಿ ತಂದುಕೊಂಡರು.

"ಏನಂದ್ರಿ ಬೀಗರೇ? ಮಹಿಬಾನ ಬೀದೀಲಿ ತಗೋಬೇಕಾ? ನನ್ನ ಮನೆ ಮೆಟ್ಟಿಲು ತುಳಿಯೋಕೆ ನಿಮಗೆ ಮನಸ್ಸಿಲ್ವಾ?"

"ಹಾಗಲ್ಲ ಹಾಜ್! ಮನಸ್ಸಿದೆ. ಟಗರಿಗೆ ಆಗಿಬರಲ್ಲ ಅಷ್ಟೇ. ನಿಮ್ಮ ಮನೆಗೆ ಬಂದ್ರೆ ಅದು ತೂಕ ಕಳ್ಕೊಳುತ್ತೆ!"

ಹಾಜ್ಜಾ ಫತ್ನಾ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡಳು. "ಕೇಳಿದ್ರಾ ಎಲ್ರೂ? ನಮ್ಮ ಹೊಸಿಲು ದಾಟಿದ್ರೆ ಟಗರು ಸೊರಗುತ್ತಂತೆ! ನಮ್ಮ ಮನೇಲಿ ಕೆಟ್ಟ ಕಣ್ಣು ಇದೆಯಂತೆ!"

"ಅಯ್ಯೋ, ಎಲ್ಲಾ ಐದನೇ ಮಹಡೀನೂ ಹಾಗೇ ಹಾಜ್ಜಾ! ನಮ್ಮ ಏಳನೇದು ಇನ್ನೂ ಕೆಟ್ಟದ್ದು!" ಎಂದ ಮಿಲೂದ್. ಸಮಾಧಾನ ಹೇಳುತ್ತಿದ್ದೇನೆಂದು ಅವನು ನಿಜವಾಗಿ ನಂಬಿದ್ದ.

ಈಗ ಐದನೇ ಮಹಡಿಯ ಇತರ ಮನೆಯವರಿಗೂ ಸಿಟ್ಟು ಬಂತು. ಯಾರೋ ಮೇಲಿಂದ ಒಂದು ಚೊಂಬು ನೀರು ಸುರಿದರು. ಜನ ನಿಂತು ಬೀದಿ ಕಟ್ಟಿಕೊಂಡಿತು, ಬಸ್ಸು ಹಾರನ್ ಹೊಡೆಯಿತು, ಟ್ರಾಫಿಕ್ ಪೊಲೀಸಿನವನು ಪೀಪಿ ಊದುತ್ತಾ ಬಂದ. ಸಂಗತಿ ಕೇಳಿಸಿಕೊಂಡವನು ಪೀಪಿಯನ್ನು ಜೇಬಿಗಿಳಿಸಿ, "ಎಂಬತ್ತಾ? ಇದು? ಎಪ್ಪತ್ತೂ ಇಲ್ಲ ಬಿಡಿ, ನಮ್ಮ ಮಾವನ ಮನೇಲಿ ನೂರು ಕುರಿ ಇವೆ," ಎಂದ.

"ಉಂಗುರ ವಾಪಸ್!" ಎಂದು ಗುಡುಗಿದರು ಹಾಜ್ ಬೆನ್‌ಅವ್ದಾ.

ಹೌವಾರಿ ಟಗರಿನ ಪಕ್ಕದಲ್ಲೇ ಕುಸಿದು ಕೂತ. "ಅಪ್ಪಾ, ಸಾಕು ಮಾಡಿ," ಎಂದವನ ಕಣ್ಣಲ್ಲಿ ನೀರಿತ್ತು. ಮಿಲೂದ್ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಮೀಸೆ ಹೋದರೆ ಬೆಳೆಯುತ್ತದೆ. ಮಗನಿಗೆ ಇನ್ನೊಬ್ಬ ಯಮೀನಾ ಎಲ್ಲಿ ಸಿಗುತ್ತಾಳೆ?

ಮೇಲೆ ಯಮೀನಾ ಬಾಲ್ಕನಿಯ ಕಂಬಿ ಹಿಡಿದು, ಇಡೀ ಬೀದಿಗೆ ಕೇಳುವಂತೆ, "ಅಪ್ಪಾ! ಮದುವೆ ಆಗೋದು ನಾನು, ಟಗರಲ್ಲ! ಉಂಗುರ ನನ್ನ ಬೆರಳಲ್ಲಿದೆ, ನಾನು ಬಿಚ್ಚಲ್ಲ! ಕೆಳಗೆ ಹೋಗಿ ಏನೂಂತ ವಿಚಾರಿಸ್ಕೊಂಡು ಬನ್ನಿ!" ಎಂದಳು.

ಹಾಜ್ ಕೆಳಗೆ ಬಂದರು. ಒಂದು ಕೈಯಲ್ಲಿ ಟಗರಿನ ಕೊಂಬು, ಇನ್ನೊಂದು ಕೈಯಲ್ಲಿ ಮಿಲೂದ್‌ನ ಕತ್ತುಪಟ್ಟಿ ಹಿಡಿದು ಇಬ್ಬರನ್ನೂ ತಮ್ಮ ಕಟ್ಟಡದ ಲಿಫ್ಟಿನೊಳಗೆ ನೂಕಿ ತಾವೂ ತೂರಿಕೊಂಡರು. ಬೀದಿಯವರಿಗೆ, "ನನ್ನ ಮನೇಲೇ ತೂಗ್ತೀನಿ! ಎಲ್ರೂ ಮೆಟ್ಟಿಲು ಹತ್ತಿ ಬನ್ನಿ!" ಎಂದರು.

ಲಿಫ್ಟಿನೊಳಗೆ ಉಸಿರಾಡಲು ಜಾಗವಿರಲಿಲ್ಲ. ಮಿಲೂದ್ ತಕ್ಕಡಿ ಇಟ್ಟ, ಹಲಗೆ ಇಟ್ಟ, ಟಗರನ್ನು ಹತ್ತಿಸಿದ. "ಬೀಗರೇ, ಇಲ್ಲೇ ನೋಡ್ಬಿಡಿ, ನಿಮ್ಮ ದಮ್ಮಯ್ಯ. ಮೇಲೆ ಹೋಗ್ತಾ ಹೋಗ್ತಾ ಇಳಿಯುತ್ತೆ."

ಹಾಜ್ ಐದರ ಗುಂಡಿ ಒತ್ತಿದರು. ಅದೂ ಮಿಲೂದ್‌ನ ಲಿಫ್ಟಿನಂತೆಯೇ ಜಗ್ಗಿ ಹೊರಟಿತು. ಮುಳ್ಳು ಸರ್ರನೆ ಎಂಬತ್ತಕ್ಕೆ ಹೋಯಿತು.

"ಎಂಬತ್ತು!" ಹಾಜ್ ಅವರ ಬಾಯಿಂದ ಆ ಲಾರಿಯ ದನಿ ಹೊರಟೇಬಿಟ್ಟಿತು. ಮೆಟ್ಟಿಲು ಹತ್ತುತ್ತಿದ್ದ ಹೆಂಗಸರು ಅದನ್ನು ಕೇಳಿ ಯುಯುಯು ಎಂದು ಕೇಕೆ ಹಾಕಿದರು. ಎರಡನೇ ಮಹಡಿ ಕೇಕೆ ಹಾಕಿತು, ಮೂರನೇ ಮಹಡಿ ಕೇಕೆ ಹಾಕಿತು. ಅಷ್ಟು ಹೊತ್ತಿಗೆ ಮುಳ್ಳು ಎಪ್ಪತ್ತಕ್ಕೆ ಬಂದು ಗಪ್ಪನೆ ನಿಂತಿತ್ತು. ಹಾಜ್ ಅದನ್ನೇ ನೋಡುತ್ತಿದ್ದರು. ಐದನೇ ಮಹಡಿಯಲ್ಲಿ ಲಿಫ್ಟು ನಿಲ್ಲುವಾಗ ಅರವತ್ತಕ್ಕೆ ಇಳಿಯಿತು. ಮಿಲೂದ್ ಕಣ್ಣು ಮುಚ್ಚಿಕೊಂಡ.

ಆದರೆ ಈ ಬಾರಿ ಟಗರಿಗೆ ಹಾರಲು ಜಾಗವಿರಲಿಲ್ಲ. ಹಾಜ್ ಬಾಗಿಲನ್ನು ಒಳಗಿಂದ ಒತ್ತಿ ಹಿಡಿದಿದ್ದರು. ಲಿಫ್ಟು ನಿಂತಿತ್ತು, ಟಗರು ನಿಂತಿತ್ತು, ಮುಳ್ಳು ನಿಧಾನವಾಗಿ ಮತ್ತೆ ಎಪ್ಪತ್ತಕ್ಕೆ ಬಂದು ಕೂತಿತು. ಐದನೇ ಮಹಡಿಯಲ್ಲೇ.

"ಬೀಗರೇ, ಕಣ್ಣು ಬಿಡಿ," ಎಂದರು ಹಾಜ್, ಯಾರಿಗೂ ಕೇಳದ ದನಿಯಲ್ಲಿ. "ಮಹಡಿಗೂ ಇದಕ್ಕೂ ಸಂಬಂಧ ಇಲ್ಲ. ಲಾರಿ ಗುಂಡಿಗೆ ಇಳಿದು ಮೇಲೆದ್ದಾಗ ಮೂಟೆಗಳು ಸ್ಪ್ರಿಂಗನ್ನ ಹೆಚ್ಚು ಒತ್ತುತ್ವೆ, ಉಬ್ಬು ಹಾರಿ ಇಳಿದಾಗ ಹಗುರ ಆಗ್ತವೆ. ನನ್ನ ಜೀವಮಾನ ಎಲ್ಲ ನೋಡಿದ್ದೀನಿ. ಈ ಡಬ್ಬ ಮೇಲಕ್ಕೆ ಜಗ್ಗಿದ್ರೆ ಎಂಬತ್ತು, ಕೆಳಕ್ಕೆ ಜಗ್ಗಿದ್ರೆ ಅರವತ್ತು, ಸುಮ್ನೆ ನಿಂತ್ರೆ ಎಪ್ಪತ್ತು. ನಿಮ್ಮ ಟಗರು ಎಪ್ಪತ್ತೇ."

ಮಿಲೂದ್‌ಗೆ ಎಲ್ಲ ಅರ್ಥವಾಯಿತು. ಒಂದೇ ಕಡೆ ನಿಂತು ನೋಡುವುದು ಬಿಟ್ಟು ಮೇಲೆ ಕೆಳಗೆ ಓಡಾಡಿ ಭೂಮಿಗೇ ಕಾನೂನು ಬರೆದದ್ದು, ಗಾಡಿಯವನನ್ನು ಓಡಿಸಿದ್ದು, ಬೀಗಿತ್ತಿ ಬೀದಿಯ ಮುಂದೆ ಕೆನ್ನೆ ಬಡಿದುಕೊಳ್ಳುವಂತೆ ಮಾಡಿದ್ದು, ಎಲ್ಲವೂ ಒಟ್ಟಿಗೇ ತಲೆಗೇರಿತು. "ಹಾಜ್, ನನ್ನ ಬಾಯಿಗೆ ಬೀಗ ಇಲ್ಲ," ಎಂದ. "ಹೇಳಿದ್ದು ನಾನು, ತೂಗದೇ ಹೇಳಿದ್ದು. ಮೀಸೆ ಬೋಳಿಸ್ಕೊಳ್ತೀನಿ, ಬಗ್ದಾದ್ ಕತ್ತಿ ತಂದೇ ಇದಾನೆ. ಹುಡುಗರನ್ನ ಮಾತ್ರ ಬಿಡಿಸ್ಬೇಡಿ."

ಹಾಜ್ ಬೆನ್‌ಅವ್ದಾ ಮುಳ್ಳನ್ನು ನೋಡುತ್ತಿದ್ದರು. ನೋಡ್ತಾ ನೋಡ್ತಾ ಅವರ ಮುಖದಲ್ಲಿ ಒಂದು ಬೆಳಕು ಮೂಡಿತು. ಟಗರನ್ನು ಪಕ್ಕಕ್ಕೆ ಒತ್ತಿ, ತಾವೇ ಹಲಗೆಯ ಮೇಲೆ ಹತ್ತಿದರು. ಮುಳ್ಳು ತೊಂಬತ್ತೊಂಬತ್ತಕ್ಕೆ ಹೋಯಿತು.

"ಬೀಗರೇ," ಎಂದರು, "ಇಳಿಯುವಾಗ ಎಷ್ಟು ಕಮ್ಮಿ ಆಗುತ್ತೆ, ಹೇಳಿ?"

ಮಿಲೂದ್ ಅಂಚೆ ಕಚೇರಿಯಲ್ಲಿ ಲೆಕ್ಕ ಮಾಡಿದವನು. "ಎಪ್ಪತ್ತಕ್ಕೆ ಹತ್ತು ಅಂದ್ರೆ, ನಿಮಗೆ ಹದಿನಾಲ್ಕು ಖಂಡಿತ ಹಾಜ್."

"ತೊಂಬತ್ತರ ಒಳಗೆ!" ಹಾಜ್ ಅವನ ಎರಡೂ ಕೈ ಹಿಡಿದರು. "ಹಾಗಾದ್ರೆ ಒಪ್ಪಂದ. ನಿಮ್ಮ ಟಗರು ಹತ್ತುವಾಗ ತೂಗಿದ್ದು. ನನ್ನನ್ನ ಇಳಿಯುವಾಗ ತೂಗಿ."

ಬಾಗಿಲು ತೆರೆಯಿತು. ಹಾಜ್ ಹೊರಗೆ ತಲೆ ಹಾಕಿ, "ಎಂಬತ್ತು! ನನ್ನ ಕಣ್ಣಾರೆ ನೋಡಿದ್ದೀನಿ! ಬೀಗರು ಹೆದರಿದ್ದು ಎತ್ತರಕ್ಕೆ, ನಮ್ಮ ಮನೆಗಲ್ಲ!" ಎಂದು ಘೋಷಿಸಿದರು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಮತ್ತೆ ಕೇಕೆ ಎದ್ದಿತು. ಟಗರು ಒಳಗೆ ಹೋಯಿತು. ಹೌವಾರಿ ಮೆಟ್ಟಿಲ ಮೇಲೆ ಕೂತು ಎಲ್ಲರೆದುರೇ ಅತ್ತ. ಯಮೀನಾ ಅವನಿಗೆ ನೀರು ಕೊಟ್ಟು, ಅಂಗಿಯ ಕಾಲರು ಸರಿಮಾಡಿ, "ನಿಮ್ಮಪ್ಪನ ಹಾಗೆ ಆಗ್ಬೇಡಿ, ಅಷ್ಟು ಸಾಕು," ಎಂದಳು. ಸಿ ಬಗ್ದಾದ್ ಕತ್ತಿಯನ್ನು ಬೇಸರದಿಂದ ಒಳಗಿಟ್ಟುಕೊಂಡ.

ಆಮೇಲೆ ಹಾಜ್ ಹೆಂಡತಿಯನ್ನು ಲಿಫ್ಟಿನ ಹತ್ತಿರ ಕರೆದರು. "ಈ ತಕ್ಕಡಿ ಮನೆಯ ನೆಲದ ಮೇಲೆ ಸರಿಯಾಗಿ ಕೂರಲ್ಲ ಕಣೇ. ಇಲ್ಲೇ ನೋಡು." ಅವರು ಹಲಗೆಯ ಮೇಲೆ ನಿಂತರು, ಹಾಜ್ಜಾ ಫತ್ನಾ ಮುಳ್ಳಿನ ಹತ್ತಿರ ಬಗ್ಗಿದಳು, ಮಿಲೂದ್ ಕೆಳಗಿನ ಗುಂಡಿ ಒತ್ತಿದ. ಲಿಫ್ಟು ಜಗ್ಗಿ ಇಳಿಯಿತು.

"ಎಂಬತ್ತೈದು! ಯಾ ಅಲ್ಲಾಹ್, ಎಂಬತ್ತೈದು!" ಎಂದಳು ಹಾಜ್ಜಾ.

ಹಾಜ್ ಹಲಗೆಯಿಂದ ಥಟ್ಟನೆ ಇಳಿದರು. "ನೋಡಿದ್ಯಲ್ಲ. ನಾಳೆ ಮೆಲ್ಫೂಫ್."

ಹಾಜ್ಜಾ ಫತ್ನಾ ಗಂಡನ ಹೊಟ್ಟೆಯನ್ನು ನೋಡಿದಳು. ಮಿಲೂದ್‌ನ ಮುಖ ನೋಡಿದಳು. ಲಿಫ್ಟಿನ ಗುಂಡಿಗಳನ್ನು ನೋಡಿದಳು. ಆ ಹೆಂಗಸು ಮೂವತ್ತು ವರ್ಷ ಲಾರಿಯವನ ಜೊತೆ ಸಂಸಾರ ಮಾಡಿದವಳು.

"ಮೇಲಕ್ಕೆ ನಡೀರಿ," ಎಂದಳು. ಐದನೇ ಮಹಡಿಗೆ ಬಂದ ಮೇಲೆ ಚಪ್ಪಲಿ ಬಿಟ್ಟು, ಶಾಲು ತೆಗೆದು ಗಂಡನ ಕೈಗೆ ಕೊಟ್ಟು, ತಾನೇ ಹಲಗೆಯ ಮೇಲೆ ಹತ್ತಿ ನಿಂತಳು.

"ಈಗ ನಾನು. ಬೀಗರೇ, ಒತ್ತಿ ಕೆಳಗಿನ ಗುಂಡಿ."

ಸಂಜೆ ಹೊತ್ತಿಗೆ ಆ ಮಹಡಿಯ ಹೆಂಗಸರೆಲ್ಲ ಲಿಫ್ಟಿನ ಮುಂದೆ ಸಾಲು ನಿಂತಿದ್ದರು, ಸಾಲಿನ ಕೊನೆಯಲ್ಲಿ ಆ ಪೊಲೀಸಿನವನೂ ಇದ್ದ. ಮಿಲೂದ್ ಸ್ಟೂಲು ಹಾಕಿಕೊಂಡು, ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವನಂತೆ, "ಒಬ್ಬೊಬ್ಬರೇ ಬನ್ನಿ, ನೂಕಬೇಡಿ," ಎನ್ನುತ್ತಾ ಗುಂಡಿ ಒತ್ತುತ್ತಿದ್ದ. ಟಗರಿನ ತೂಕ ಎಷ್ಟೆಂದು ಕೇಳುವವರು ಆಮೇಲೆ ಯಾರೂ ಇರಲಿಲ್ಲ.